ಟೈಲ್ಸ್ ಎಣಿಸಲು ಹಚ್ಚಿದವರು

ನಾಗಪುರದಲ್ಲಿ ನನಗೆ ಈಜು ಕಲಿಸಿದ ಕಾಕಾ ಗದಗಿನ ಕಡೆಯವರು. ಸಮುದ್ರ ನೋಡಿದವರಲ್ಲ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಈಜುಕೊಳದ ಅಂಚಿಗೆ ಕೂತು, ಪಾದದಿಂದ ನೀರು ತಟ್ಟುತ್ತ ಹೇಳುತ್ತಿದ್ದರು: "ತಳಕ್ಕ ಹೋಗು. ಎಷ್ಟು ಟೈಲ್ಸ್ ಒಡದಾವ ಎಣಿಸಿಕೊಂಡು ಬಾ. ಕೈ ಹಚ್ಚಬ್ಯಾಡ." ಉಸಿರು ಕಟ್ಟಿ ಎಣಿಸಿ, ಮೇಲೆ ಬಂದು ಎಷ್ಟೇ ಹೇಳಿದರೂ ಅವರದು ಒಂದೇ ಮಾತು: "ಬರೋಬರ್ ಇಲ್ಲ. ಮತ್ತೊಮ್ಮೆ ಎಣಿಸು."

ಈಗ ನನ್ನ ನೌಕರಿಯೂ ಅದೇ. ಲಕ್ಷದ್ವೀಪದಲ್ಲಿ ಸಮುದ್ರದ ತಳಕ್ಕಿಳಿದು, ಹಗ್ಗ ಹಾಸಿ, ಅದರ ಗುಂಟ ಬದುಕಿರುವ ಹವಳವೆಷ್ಟು, ಸತ್ತದ್ದೆಷ್ಟು ಎಂದು ಮುಟ್ಟದೆ ಎಣಿಸುತ್ತೇನೆ. ನಾಗಪುರಕ್ಕೆ ಹೋದಾಗಲೆಲ್ಲ ಅವರಿಗೆ ಫೋಟೊ ತೋರಿಸುತ್ತಿದ್ದೆ. ಬಣ್ಣ ನೋಡಿ "ಭಾರಿ ಅದಾವ" ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಸಮುದ್ರದ ನೀರು ವಿಪರೀತ ಕಾಯಿತು. ಫೋನ್ ಮಾಡಿ, "ಕಾಕಾ, ಆ ಫೋಟೊದಾಗಿನ ಹವಳ ಎಲ್ಲಾ ಬೆಳ್ಳಗಾಗ್ಯಾವ್ರಿ. ಸಾಯಾಕ ಹತ್ಯಾವ್ರಿ" ಎಂದೆ.

"ಬರೋಬರ್ ನೋಡೀಯೇನವ್ವಾ? ಮತ್ತೊಮ್ಮೆ ಎಣಿಸು."

ಅಷ್ಟರಲ್ಲಾಗಲೇ ಮೂರು ಸಲ ಎಣಿಸಿದ್ದೆ. "ಹೂಂ ಕಾಕಾ" ಎಂದು, ಮರುದಿನ ಬೆಳಿಗ್ಗೆ ಮತ್ತೆ ನೀರಿಗಿಳಿದೆ.