ಚಿಪ್ಪಿನ ಚೀಲಕ್ಕೆ ನಾನು ಬರೆದ ತಪ್ಪೊಪ್ಪಿಗೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಹಗಲು ಗಾರೆ ಕೆಲಸ ಮಾಡುತ್ತಾ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಪಾಸಾದವನು. ಹೊಸದುರ್ಗದ ಹತ್ತಿರ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಗುಮಾಸ್ತನ ಕುರ್ಚಿ ಸಿಕ್ಕಾಗ ಜಂಬವೇ ಬಂದಿತ್ತು.

ಅಲ್ಲಿ ಕಾಯಿ ಒಡೆಯುವ ಹೆಂಗಸರು ಸಂಜೆ ಒಲೆಗೆಂದು ಚೀಲದಲ್ಲಿ ಚಿಪ್ಪು ಒಯ್ಯುತ್ತಿದ್ದರು. ಯಾರೂ ಕೇಳಿ ಒಯ್ದವರಲ್ಲ, ಯಾರೂ ಬೇಡ ಅಂದವರೂ ಅಲ್ಲ. "ಏನಕ್ಕಾ, ಫ್ಯಾಕ್ಟ್ರಿನೇ ಹೊತ್ಕಂಡು ಹೊಂಟೆಯಾ?" ಎಂದು ಗೇಟಿನ ಕಾವಲುಗಾರ ನಗುತ್ತಾ ಬಿಡುತ್ತಿದ್ದ.

ಅವರಲ್ಲಿ ತಾಳ್ಯದ ಕಡೆಯ ಅಕ್ಕ ಒಬ್ಬಳು. ಒಂದು ದಿನ ಮಾಲೀಕರ ಎದುರಿಗೇ, "ಹೆಂಗಸ್ರ ಕಕ್ಕಸ್ಸಿಗೆ ಚಿಲಕ ಇಲ್ಲ ಸ್ವಾಮಿ. ಒಬ್ರು ಒಳಗೋದ್ರೆ ಇನ್ನೊಬ್ರು ಕಾವಲು ನಿಲ್ಬೇಕು" ಅಂದಳು. ಅದೇ ವಾರ ಆ ಕಾವಲುಗಾರನೇ ಅವಳ ಚೀಲ ಹಿಡಿದ. ಕಳವು ಎಂದು ನೋಟಿಸು ಕೊಟ್ಟು, ಅವಳನ್ನು ಕೆಲಸದಿಂದ ಹೊರಗಿಟ್ಟರು.

ಮ್ಯಾನೇಜರು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. "ನೀವು ಓದಿದೋರು, ನಿಮ್ಮ ಮಾತು ಕೇಳ್ತಾಳೆ. ತಪ್ಪಾಯ್ತು ಅಂತ ಒಂದು ಕಾಗದ ಬರ್ದು ಹೆಬ್ಬೆಟ್ಟು ಒತ್ತಿಸ್ಕಳ್ರಿ. ಮಾಲೀಕರ ಸಿಟ್ಟು ಇಳೀತೈತೆ. ಸೋಮವಾರದಿಂದ ಕೆಲ್ಸಕ್ಕೆ ಬರ್ಲಿ." ನಂಬಿದೆ. ಓದಿದವರು ಅಂದರಲ್ಲ, ಅಷ್ಟೇ ಸಾಕಾಗಿತ್ತು.

"ಚಿಪ್ಪು ಒಯ್ದೆ" ಎಂದು ಬರೆದಿದ್ದರೆ ಆಗುತ್ತಿತ್ತು. ಕಚೇರಿಯ ಭಾಷೆ ನನಗೂ ಬರುತ್ತದೆ ಎಂದು ತೋರಿಸಲು, "ಸಂಸ್ಥೆಯ ಸ್ವತ್ತನ್ನು ಕಳವು ಮಾಡಿರುತ್ತೇನೆ" ಎಂದು ಬರೆದೆ. ಅಕ್ಕನಿಗೆ ಓದಿ ಹೇಳಲಿಲ್ಲ.

"ನೀನು ಬರೆದ ಮ್ಯಾಲೆ ಇನ್ನೇನಪ್ಪ," ಎಂದು ಅವಳು ಹೆಬ್ಬೆಟ್ಟು ಒತ್ತಿದಳು.

ಸೋಮವಾರ ಅವಳನ್ನು ಗೇಟಿನಲ್ಲೇ ನಿಲ್ಲಿಸಿ ವಜಾ ಆದೇಶ ಕೊಟ್ಟರು. ತಾನೇ ತಪ್ಪೊಪ್ಪಿಕೊಂಡಿರುವುದರಿಂದ ವಿಚಾರಣೆ ಬೇಕಿಲ್ಲ ಎಂದಿತ್ತು. ಮ್ಯಾನೇಜರನ್ನು ಕೇಳಿದೆ. "ಬರೆದೋರು ನೀವಲ್ವೇನ್ರಿ?" ಎಂದರು. ನನ್ನ ಕೈಯಿಂದಲೇ ಅವಳ ಕುತ್ತಿಗೆ ಕೊಯ್ಯಿಸಿದ್ದರು.

ಅಕ್ಕ ಸುಮ್ಮನಾಗಲಿಲ್ಲ. ಚಿತ್ರದುರ್ಗದ ವಕೀಲರೊಬ್ಬರನ್ನು ಹಿಡಿದು ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಕಂಪನಿಯವರು ಸಾಕ್ಷಿಗೆ ಕರೆದೊಯ್ದದ್ದು ನನ್ನನ್ನು. "ಓದಿ ಹೇಳ್ದೆ, ಒಪ್ಕಂಡ್ಲು ಅನ್ರಿ. ಎರಡೇ ಮಾತು," ಎಂದು ಮ್ಯಾನೇಜರು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟರು.

ಕಟಕಟೆಯಲ್ಲಿ ಇದ್ದದ್ದನ್ನು ಹೇಳಿದೆ. ಓದಿ ಹೇಳಿಲ್ಲ. ಕಳವು ಎನ್ನುವುದು ನನ್ನ ಮಾತು, ಅವಳದಲ್ಲ. ಕೆಲಸಕ್ಕೆ ಕರೆದುಕೊಳ್ಳುತ್ತೇವೆ ಎಂದದ್ದಕ್ಕೆ ಬರೆದೆ. ವಾಪಸ್ ಬರಲು ನನಗೆ ಕಾರಿರಲಿಲ್ಲ, ಮಾರನೆಯ ದಿನ ಕೆಲಸವೂ ಇರಲಿಲ್ಲ.

ಅಂದು ಕೋರ್ಟಿನ ಹೊರಗೆ ಅಕ್ಕನ ಹತ್ತಿರ ಹೋಗಿ, "ನಿಜಾನೇ ಹೇಳ್ದೆ ಅಕ್ಕಾ," ಅಂದೆ.

"ಹೇಳ್ದೆ ಬಿಡಪ್ಪ. ಅವನು ಮ್ಯಾನೇಜರು, ಅವನ ಬುದ್ಧಿ ನಂಗೆ ಮೊದ್ಲೇ ಗೊತ್ತಿತ್ತು. ಆ ಕಾಗದ ಅವನು ಬರೆದಿದ್ರೆ ನಾನು ಹೆಬ್ಬೆಟ್ಟು ಒತ್ತುತಿದ್ನೇನು?"

ಕೆಲವು ತಿಂಗಳ ನಂತರ ಅವಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶವಾಯಿತು. ಆ ಸುದ್ದಿಯನ್ನು ಹೊಳಲ್ಕೆರೆ ಬಸ್ಸಿನಲ್ಲಿ ನನಗೆ ಹೇಳಿದವಳು ಅವಳ ಜೊತೆ ಕಾಯಿ ಒಡೆಯುವ ಇನ್ನೊಬ್ಬ ಹೆಂಗಸು. ಅಕ್ಕನೂ ಅದೇ ಬಸ್ಸಿನಲ್ಲಿದ್ದಳು, ನಮ್ಮ ಮುಂದಿನ ಸೀಟಿನಲ್ಲೇ.