ಮಿಕ್ಸಿ ಹಿಡಿದು ಹಗರಿಬೊಮ್ಮನಹಳ್ಳಿಗೆ

ಬಿರುಬೇಸಗೆಯ ಒಂದು ಭಾನುವಾರ ಬೆಳಿಗ್ಗೆ, ತಿರುಗದ ಟೇಬಲ್ ಫ್ಯಾನನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದೆ. ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಊರಿನ ಮೆಕ್ಯಾನಿಕ್‌ಗಳೆಲ್ಲ ಸೇರಿ, ಮನೆಯಲ್ಲಿ ಕೆಟ್ಟು ಬಿದ್ದ ಸಾಮಾನನ್ನು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆಂದು ಅಲ್ಲಿರುವ ನನ್ನ ತಂಗಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಳು.

ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಮಂಡಕ್ಕಿ, ಮಿರ್ಚಿ ತಿಂದೆ. ಅಲ್ಲಿಯೇ ಗೌರಮ್ಮ ಮತ್ತು ಅವರ ಸೊಸೆ ಶಾಂತಾ ಹತ್ತಿ ನನ್ನ ಪಕ್ಕ ಕುಳಿತರು. ಗೌರಮ್ಮನ ಮಡಿಲಲ್ಲಿ ಸ್ಟೀಲಿನ ಮಿಕ್ಸಿ ಇತ್ತು. ಅವರೂ ಅದೇ ಶಾಲೆಗೆ ಹೊರಟಿದ್ದರು.

"ನಿಂತು ನಿಂತು ಓಡತೈತ್ರಿ ಅಕ್ಕಾರ," ಎಂದರು ಗೌರಮ್ಮ. "ನಮ್ಮ ಸೊಸಿಗೆ ಅದ ನೆಪ ಆಗೈತಿ. ಮುಟ್ಟಿದ್ರ ಕೈ ಜುಮ್ ಅಂತೈತಿ ಅಂತಾಳ. ದಿನಾ ನಾನೂ ಮುಟ್ಟತೀನಿ, ನನಗ್ಯಾಕ ಏನೂ ಆಗಂಗಿಲ್ಲ?"

ಶಾಂತಾ ಕಿಟಕಿಯಾಚೆ ನೋಡುತ್ತಿದ್ದಳು.

ಶಾಲೆಯ ಬೇವಿನ ಮರದ ಕೆಳಗೆ ಸ್ಟೋವು, ಇಸ್ತ್ರಿ ಪೆಟ್ಟಿಗೆ, ಕೊಡೆ, ಹೊಲಿಗೆ ಮಿಷನ್ನುಗಳ ರಾಶಿ. ನನ್ನ ಫ್ಯಾನಿನಲ್ಲಿ ಎಣ್ಣೆ ಒಣಗಿತ್ತಷ್ಟೆ, ಬೇಗ ತಿರುಗಿತು. ಗೌರಮ್ಮನ ಮಿಕ್ಸಿ ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತರಾಗಿದ್ದ ರುದ್ರಪ್ಪನವರ ಕೈಗೆ ಹೋಯಿತು. ಪ್ಲಗ್ ಹಾಕಿ, ಅದರ ಮೈಗೆ ಟೆಸ್ಟರ್ ತಾಗಿಸಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿಕೊಂಡಿತು. ಅವರು ಪ್ಲಗ್ಗನ್ನು ಕಿತ್ತೇಬಿಟ್ಟರು.

"ಇದನ್ನ ಯಾರು ನಡಸ್ತೀರಿ?"

"ನಾವಿಬ್ರೂ."

"ಹೆಂಗ ಕುಂದರ್ತೀರಿ?"

"ಮೊಣಕಾಲ ನೋವ್ರಿ. ನಾ ಕಟಗಿ ಮಣಿ ಮ್ಯಾಲ. ಅಕಿ ನೆಲದ ಮ್ಯಾಲ," ಎಂದರು ಗೌರಮ್ಮ.

ರುದ್ರಪ್ಪ ಶಾಂತಾಳ ಕಡೆ ತಿರುಗಿದರು. "ನೆಲ ಒದ್ದಿ ಇರತೈತೇನವ್ವ?"

"ಮುಸುರಿ ತೊಳದ ಕೂಡ್ಲೇ ರುಬ್ಬತೀನ್ರಿ."

"ಯವ್ವಾ, ನಿಮ್ಮನ್ನ ಆ ಕಟಗಿ ಮಣಿ ಉಳಸೈತಿ. ಮಿಕ್ಸಿ ಮೈತುಂಬ ಕರೆಂಟ್ ಐತಿ. ಈ ಹುಡುಗಿ ಹೆಂಗ ಉಳದಾಳೋ ನನಗ ತಿಳೀವಲ್ದು."

ಬಸ್ಸಿನಲ್ಲಿ ಗೌರಮ್ಮನ ಮಾತಿಗೆ ನಾನು ನಕ್ಕಿದ್ದೆ. ಗೌರಮ್ಮ ಮರದ ನೆರಳಿನಾಚೆ ಬಿಸಿಲಲ್ಲೇ ಕುಸಿದು ಕುಳಿತರು. ಯಾರೋ ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟರು.

"ದಿನಾ ಬೈದು ಬೈದು ರುಬ್ಬಸೀನಲ್ರೀ..."

"ಅತ್ತಿ, ಏಳ್ರಿ. ಬಿಸಲೈತಿ," ಎಂದಳು ಶಾಂತಾ.

ಒಳಗೆ ಸುಟ್ಟಿದ್ದ ವೈರನ್ನು ರುದ್ರಪ್ಪ ಬದಲಿಸಿದರು. ಟೆಸ್ಟರ್ ಮತ್ತೆ ಹತ್ತಲಿಲ್ಲ. ಆದರೂ ಮನೆಯ ಪ್ಲಗ್ಗಿಗೆ ಅರ್ಥ್ ವೈರು ಎಳೆಸುವ ತನಕ ಮುಟ್ಟಬಾರದೆಂದು ಹೇಳಿ ಕಳಿಸಿದರು.

ಮರಳುವ ಬಸ್ಸಿನಲ್ಲಿ ಗೌರಮ್ಮ ಮಿಕ್ಸಿಯನ್ನು ತಮ್ಮ ಮಡಿಲಿಗೇ ಎಳೆದುಕೊಂಡರು. ಆಮೇಲೆ ಸೊಸೆಯನ್ನು ಕೇಳಿದರು: "ಜುಮ್ ಅನ್ನೂದು ಎಲ್ಲೀತನ ಬರತಿತ್ತು?"

ಶಾಂತಾ ಬೆರಳಿನಿಂದ ಮೊಣಕೈ, ಭುಜ ತೋರಿಸುತ್ತ ಹೋಗಿ ಅಂಗೈಯನ್ನು ಎದೆಯ ಮೇಲಿಟ್ಟಳು. "ಇಲ್ಲೀತನ, ಅತ್ತಿ."



ಕೊಟ್ಟೂರಿನಲ್ಲಿ ಇಬ್ಬರೂ ಇಳಿದರು. ಮಿಕ್ಸಿಯನ್ನು ಗೌರಮ್ಮ ತಾವೇ ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಿಂದ ಸೊಸೆಯ ಮಣಿಕಟ್ಟು ಹಿಡಿದಿದ್ದರು. ಬಸ್ಸು ಕೂಡ್ಲಿಗಿಯ ದಾರಿಗೆ ತಿರುಗುವವರೆಗೂ ಹಿಂದಿರುಗಿ ನೋಡುತ್ತಿದ್ದೆ. ಹಿಡಿದ ಕೈ ಬಿಟ್ಟಿರಲಿಲ್ಲ.