ಹತ್ತು ನಿಮಿಷ ಮುಂದಿದ್ದ ಗಡಿಯಾರ

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತದೆ. ಅಮ್ಮ ಬದುಕಿದ್ದಾಗ ಮಾಡಿಟ್ಟ ಪದ್ಧತಿ. ಜಯನಗರದ ಮನೆಗಳಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದ ಅವಳಿಗೆ ತಡವಾಗಿ ಹೋಗಿ ಮಾತು ಕೇಳುವುದು ಆಗುತ್ತಿರಲಿಲ್ಲ. ಆದರೆ ಮುಂದಿದೆ ಎಂದು ಗೊತ್ತಿದ್ದ ಮೇಲೆ ಯಾರು ಹೆದರುತ್ತಾರೆ? ನಾನೂ ತಂಗಿಯೂ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲೇ ಹತ್ತು ಕಳೆದು, ಇನ್ನೂ ಹೊತ್ತಿದೆ ಎಂದು ಕಾಫಿ ಕುಡಿಯುತ್ತೇವೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಂಗಿ ಆಗ ಕೂಸು. ಅಮ್ಮ ಕೆಲಸಕ್ಕೆ ಹೋದರೆ ಅವಳನ್ನು ನೋಡಿಕೊಳ್ಳುವವರು ಬೇಕಿತ್ತು. ಮುಂದೆ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ನಾನು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಲೇಡಿ ಗಾರ್ಡ್ ಆದೆ. ಆಮೇಲೆ ಸೂಪರ್‌ವೈಸರ್ ಹತ್ತಿರ ಬೇಡಿಕೊಂಡು ಅವಳನ್ನೂ ಅಲ್ಲಿಗೇ ಸೇರಿಸಿದೆ. ನನಗೆ ಮುಂದಿನ ಗೇಟು, ಅವಳಿಗೆ ಹಿಂದಿನ ಗೇಟು. ಹಾಗೆಯೇ ಇದ್ದುಬಿಟ್ಟಿದ್ದರೆ ನನಗೆ ಸಾಕಿತ್ತು.

ಹೋದ ವರ್ಷ ಸಿಸಿಟಿವಿ ರೂಮಿಗೆ ಒಬ್ಬರು ಬೇಕೆಂದು ನಮ್ಮ ಸೆಕ್ಯುರಿಟಿ ಏಜೆನ್ಸಿಯವರು ಹೇಳಿದರು. ಪರದೆ ನೋಡುತ್ತಾ ಕೂರುವ ಕೆಲಸ. ಕೂರಲು ಕುರ್ಚಿ, ತಲೆ ಮೇಲೆ ಫ್ಯಾನು. ಕಾವಲು ಕೆಲಸದ ಇಂಗ್ಲಿಷ್ ಪದಗಳನ್ನು ಓದಲು, ಬರೆಯಲು ಬರಬೇಕು, ಅದಕ್ಕೊಂದು ಪರೀಕ್ಷೆ. ನನ್ನನ್ನು ಯಾರೂ ಕೇಳಲೇ ಇಲ್ಲ. ತಂಗಿ ಹೆಸರು ಕೊಟ್ಟಳು.

ಮೂರನೇ ಮಹಡಿಯ ಆಂಟಿಯೊಬ್ಬರು ಅವಳಿಗೆ ಪದಗಳನ್ನು ಹೇಳಿಕೊಟ್ಟರು. ಅವರ ಸೋಫಾದ ಮೇಲೆ ಕೂರಿಸಿಕೊಂಡು, ಕಾಫಿ ಕೊಟ್ಟು. ಅಷ್ಟು ವರ್ಷ ಅವರ ಪಾರ್ಸೆಲ್ ಹೊತ್ತುಕೊಟ್ಟ ನಾನು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡ್ ದಾಟಿದವಳಲ್ಲ.

ಸಂಜೆ ಶ್ರೀನಗರದ ನಮ್ಮ ಮನೆಯಲ್ಲಿ ನಾನು ಅವರೆಕಾಯಿ ಸುಲಿಯುತ್ತಿದ್ದರೆ ಅವಳು ಎದುರು ಕೂತು ಒಪ್ಪಿಸುತ್ತಿದ್ದಳು. ಗಾರ್ಡ್. ಅಲರ್ಟ್. ಮಾನಿಟರ್. ಅಲಾರಂ. ಟೈಮರ್.

"ಅಕ್ಕ, ವಾಚ್ ಅಂದ್ರೆ ಹೇಳು ನೋಡೋಣ."

"ಕೈಗೆ ಕಟ್ಕೊಳ್ಳೋದು."

"ಅದೂ ಹೌದು. ನೋಡ್ತಾ ಇರೋದಕ್ಕೂ ವಾಚ್ ಅಂತಾರೆ, ಕಾಯೋದಕ್ಕೂ ಅಂತಾರೆ. ಇಷ್ಟು ವರ್ಷ ನೀನು ಮಾಡ್ತಿರೋದು ಅದೇ ಕಣೆ."

"ನಾನು ನಿಂತ್ಕೊಂಡು ಮಾಡ್ತಿದೀನಿ. ನೀನು ಕೂತ್ಕೊಂಡು ಮಾಡು ತಾಯಿ, ಮಹಾರಾಣಿ."

ಅವಳು ನಕ್ಕಳು. ತಮಾಷೆ ಎಂದುಕೊಂಡಳು. ನನ್ನ ಉಗುರಿನ ಕೆಳಗೆ ಅವರೆಯ ಸೊಗಡು ಮೆತ್ತಿತ್ತು. ಅವಳ ಬೆರಳಿನ ತುದಿಯಲ್ಲಿ ಪೆನ್ನಿನ ನೀಲಿ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಪರೀಕ್ಷೆ ಇದ್ದದ್ದು ಬಿ.ಟಿ.ಎಂ. ಲೇಔಟಿನ ಏಜೆನ್ಸಿ ಆಫೀಸಿನಲ್ಲಿ. ಅವಳ ಫೋನು ಡಿಸ್‌ಪ್ಲೇ ಒಡೆದು ರಿಪೇರಿ ಅಂಗಡಿಯಲ್ಲಿತ್ತು. ಮನೆಯಲ್ಲಿ ಹೊತ್ತು ನೋಡಲು ಗೋಡೆ ಗಡಿಯಾರವೊಂದೇ. ನಾನು ಬೆಳಗಿನ ಡ್ಯೂಟಿಗೆ ಹೊರಟಾಗ ಅವಳು ಸ್ನಾನ ಮಾಡುತ್ತಿದ್ದಳು. ಸ್ಟೂಲು ಹತ್ತಿ ಗಡಿಯಾರ ಇಳಿಸಿ, ಹಿಂದಿನ ತಿರುಪು ತಿರುಗಿಸಿ ಸರಿಯಾದ ಹೊತ್ತಿಗೆ ತಂದೆ. ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ: ನಾನು ಮೋಸ ಮಾಡಲಿಲ್ಲ, ತಪ್ಪು ತೋರಿಸುತ್ತಿದ್ದ ಗಡಿಯಾರವನ್ನು ಸರಿ ಮಾಡಿದೆ. ಅವಳು ರೂಢಿಯಂತೆ ಹತ್ತು ನಿಮಿಷ ಕಳೆಯುತ್ತಾಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪಕ್ಕದ ಮನೆಯವರ ನಂಬರು ನನ್ನ ಫೋನಿನಲ್ಲಿತ್ತು. ಗೇಟಿನಲ್ಲಿ ನಿಂತು ಅದನ್ನು ತೆಗೆದು ನೋಡಿದೆ. ಒಂದು ಮಾತು ಹೇಳಿದ್ದರೆ ಅವಳು ಆಗಲೂ ಹೊರಟುಬಿಡುತ್ತಿದ್ದಳು. ಒಂದು ಕಾರು ಬಂತು, ಗೇಟು ತೆಗೆದೆ. ಫೋನು ಜೇಬಿಗೆ ಹೋಯಿತು.

ಮಧ್ಯಾಹ್ನ ಅವಳು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ನೇರ ನನ್ನ ಗೇಟಿಗೇ ಬಂದಳು.

"ಬಾಗ್ಲು ಹಾಕ್ಬಿಟ್ಟಿದ್ರು ಅಕ್ಕ."

"ಯಾಕೆ, ಲೇಟಾಯ್ತಾ?" ಎಂದೆ. ಏನೂ ಗೊತ್ತಿಲ್ಲದವಳ ದನಿ ನನಗೆ ಅಷ್ಟು ಸಲೀಸಾಗಿ ಬಂತು.

"ಕಣ್ಮುಂದೇನೇ ಬಸ್ ಹೋಯ್ತು. ಅಲ್ಲಿ ಸಾರ್ ಏನಂದ್ರು ಗೊತ್ತಾ? ಟೈಮೇ ನೋಡ್ಕೊಳ್ಳೋಕೆ ಬರಲ್ಲ, ಕ್ಯಾಮೆರಾ ಏನಮ್ಮ ನೋಡ್ತೀಯ, ಅಂದ್ರು." ನಗಲು ನೋಡಿದಳು. ಆಗಲಿಲ್ಲ. ನನ್ನ ನೀರಿನ ಬಾಟಲಿ ತೆಗೆದುಕೊಂಡು ಆ ಕಡೆ ತಿರುಗಿ ಕುಡಿದಳು. ಆ ಕೆಲಸ ಬೇರೆ ಯಾರಿಗೋ ಹೋಯಿತು.

ಸಂಜೆ ಅವಳು ಅಂಗಡಿಯಿಂದ ಗಡಿಯಾರಕ್ಕೆ ಹೊಸ ಸೆಲ್ ತಂದಳು.

"ಸೆಲ್ ವೀಕ್ ಆಗ್ಬಿಟ್ಟಿದೆ, ಪಾಪ. ನಿಧಾನ ಓಡ್ತಿದೆ. ನಾನು ಗಮನಿಸ್ಬೇಕಿತ್ತು, ನಂದೇ ತಪ್ಪು. ಸ್ಟೂಲ್ ಹಿಡ್ಕೋ ಅಕ್ಕ."

ಹಿಡಿದುಕೊಂಡೆ. ಫೋನು ನೋಡಿ ಹೊತ್ತು ಹೇಳು ಎಂದಳು. ಹೇಳಿದೆ. ಅವಳು ಅದಕ್ಕೆ ಹತ್ತು ಸೇರಿಸಿ ಗಡಿಯಾರವನ್ನು ಮೊಳೆಗೆ ತೂಗುಹಾಕಿದಳು. ಹಳೆಯ ಸೆಲ್ಲನ್ನು ಬಿಸಾಕಲು ನನ್ನ ಕೈಗಿಟ್ಟಳು. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಬಿಸಾಕಲಾಗದೆ ಟಾರ್ಚಿಗೆ ಹಾಕಿದೆ. ಇವತ್ತಿಗೂ ಉರಿಯುತ್ತದೆ.

ಅವಳು ಈಗಲೂ ಹಿಂದಿನ ಗೇಟಿನ ಬಿಸಿಲಲ್ಲಿ ನಿಲ್ಲುತ್ತಾಳೆ. ನನ್ನ ಆಸೆ ತೀರಿತು. ಆ ಕಡೆ ತಲೆಯೆತ್ತಿ ನೋಡಲು ಮಾತ್ರ ನನ್ನಿಂದಾಗದು. ಇದನ್ನು ಇವತ್ತು ಅವಳ ಕೈಗೆ ಕೊಡಬೇಕೆಂದು ಬೆಳಿಗ್ಗೆಯೇ ಎದ್ದು ಬರೆಯುತ್ತಿದ್ದೇನೆ. ಡ್ಯೂಟಿಗೆ ತಡವಾಗುತ್ತದೆಂದು ಹಾಳೆ ಮಡಚಲು ಹೋದರೆ, ಎದುರು ಕೂತವಳು ಗಡಿಯಾರದ ಕಡೆ ಕಣ್ಣು ಹಾಯಿಸಿ ಲೋಟ ಮುಂದೆ ಸರಿಸುತ್ತಾಳೆ.

"ಇನ್ನೂ ಹತ್ತು ನಿಮಿಷ ಇದೆ. ಕೂತ್ಕೊಂಡು ಕಾಫಿ ಕುಡಿ ಅಕ್ಕ."